ಆಕಾಶದ ಕ್ಯಾಮೆರಾ, ನೆಲದ ಜೀವ

ಬಾಪೂಜಿ ನಗರದ ಮೇಲೆ ಹೆಲಿಕಾಪ್ಟರ್ ತಗ್ಗಿ ಹಾರಿದರೆ ಮೈಸೂರು ರಸ್ತೆಯ ಗದ್ದಲವೂ ಅಡಗುತ್ತದೆ. ಬರೀ ಸದ್ದಾದರೆ ನಾವು ಸಹಿಸಿಯೇವು.

2007ರ ಜುಲೈ 27ರಂದು ಅಮೆರಿಕದ ಫೀನಿಕ್ಸ್‌ನಲ್ಲಿ, ಪೊಲೀಸರು ವಾಹನವೊಂದನ್ನು ಬೆನ್ನಟ್ಟುವುದನ್ನು ಚಿತ್ರೀಕರಿಸುತ್ತಿದ್ದ ಎರಡು ಸುದ್ದಿವಾಹಿನಿಗಳ ಹೆಲಿಕಾಪ್ಟರುಗಳು ಡಿಕ್ಕಿಯಾಗಿ ನಾಲ್ವರು ಮೃತಪಟ್ಟರು. ಹಾರಿಸುವ ಪೈಲಟ್‌ಗಳೇ ವರದಿಯನ್ನೂ ಒಪ್ಪಿಸಬೇಕಿತ್ತಂತೆ!

ನಮ್ಮಲ್ಲಿ ಆಪತ್ತು ಬಂದದ್ದು ಸಿನಿಮಾದ ದಾರಿಯಿಂದ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣ. ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಮೂವರಲ್ಲಿ ನಾಯಕ ದುನಿಯಾ ವಿಜಯ್ ಪಾರಾದರು. ಖಳನಟರಾದ ಅನಿಲ್, ಉದಯ್ ಲೈಫ್ ಜಾಕೆಟ್ ಇಲ್ಲದೆ ಮುಳುಗಿದರು. ಈಜು ಅಷ್ಟಾಗಿ ಬಾರದೆಂದು ಉದಯ್ ಮೊದಲೇ ಮಾಧ್ಯಮದವರಿಗೆ ಹೇಳಿದ್ದರು. ಕ್ಯಾಮೆರಾಗಳೆಲ್ಲ ಸಜ್ಜಾಗಿದ್ದವು, ರಕ್ಷಣೆಯ ದೋಣಿ ಸಮಯಕ್ಕೆ ಒದಗಲಿಲ್ಲ. ಚಿತ್ರತಂಡದ ಕೆಲವರ ಬಂಧನವಾಯಿತು. 2017ರ ಮೇ ತಿಂಗಳಲ್ಲಿ ಚಿತ್ರ ತೆರೆಕಂಡಿತು.