ಮೆನಿಂಗೊಕಾಕಲ್ ಸೋಂಕು: ತೀವ್ರತೆಯ ಗುಟ್ಟು ದೇಹದ ಸಂಕೇತಗಳಲ್ಲಿ

ನವಲಗುಂದ: ಜ್ವರದೊಂದಿಗೆ ತೀವ್ರ ತಲೆನೋವು, ವಾಂತಿ, ಕುತ್ತಿಗೆ ಸೆಟೆತ ಕಂಡುಬಂದರೆ ಗ್ರಾಮೀಣ ಭಾಗದಲ್ಲಿ ಅದನ್ನು ‘ಮೆದುಳು ಜ್ವರ’ ಎಂದೇ ಕರೆಯುವುದು ರೂಢಿ. ಆದರೆ ಈ ಹೆಸರಿನಡಿ ಬರುವ ಕಾಯಿಲೆಗಳು ಹಲವು. ಜಪಾನೀಸ್ ಎನ್ಸೆಫಲೈಟಿಸ್ ಸೊಳ್ಳೆ ಹರಡುವ ವೈರಾಣುವಿನಿಂದ ಬರುತ್ತದೆ. ಮೆನಿಂಗೊಕಾಕಲ್ ಸೋಂಕಿಗೆ ನೈಸೀರಿಯಾ ಮೆನಿಂಜೈಟಿಡಿಸ್ ಎಂಬ ಬ್ಯಾಕ್ಟೀರಿಯಾ ಕಾರಣ. ಒಂದರ ಲಸಿಕೆ ಇನ್ನೊಂದನ್ನು ತಡೆಯದು.

ವಾಹಕರು ಹಲವರು, ರೋಗಿಗಳು ಕೆಲವರು: ಸರಿಸುಮಾರು ಶೇ 10ರಷ್ಟು ಜನರ ಮೂಗು, ಗಂಟಲಿನಲ್ಲಿ ಈ ಬ್ಯಾಕ್ಟೀರಿಯಾ ಯಾವ ತೊಂದರೆಯನ್ನೂ ನೀಡದೆ ನೆಲೆಸಿರುತ್ತದೆ. ಅದು ರಕ್ತ ಅಥವಾ ಮೆದುಳಿನ ಪೊರೆ ಸೇರಿದಾಗ ಮಾತ್ರ ಪ್ರಾಣಾಪಾಯ. ಚಿಕಿತ್ಸೆ ದೊರೆಯದಿದ್ದರೆ ಅರ್ಧದಷ್ಟು ರೋಗಿಗಳು ಸಾವನ್ನಪ್ಪಬಹುದು. ದೆಹಲಿಯಲ್ಲಿ 1966, 1985 ಹಾಗೂ 2005ರಲ್ಲಿ, ಮೇಘಾಲಯದಲ್ಲಿ 2008ರಲ್ಲಿ ಮತ್ತು ತ್ರಿಪುರಾದಲ್ಲಿ 2009ರಲ್ಲಿ ಈ ರೋಗ ವ್ಯಾಪಕವಾಗಿ ಕಾಣಿಸಿಕೊಂಡಿತ್ತು.

ರಕ್ಷಕನೇ ಭಕ್ಷಕ: ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಸ್ತು ಇದೆ. ಬಿಳಿ ರಕ್ತಕಣಗಳು ಇದನ್ನು ಗುರುತಿಸಿದ ಕೂಡಲೇ ಸೈಟೊಕೈನ್ ಎಂಬ ಸಂಕೇತ ಅಣುಗಳನ್ನು ಹೊರಬಿಡುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್–1, ಇಂಟರ್‌ಲ್ಯೂಕಿನ್–6 ಇವುಗಳಲ್ಲಿ ಪ್ರಮುಖವಾದವು. ಮಿತಿಯಲ್ಲಿದ್ದರೆ ಇವು ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸುತ್ತವೆ. ಮಿತಿ ಮೀರಿದರೆ ರಕ್ತನಾಳಗಳು ಸೋರತೊಡಗಿ ರಕ್ತದೊತ್ತಡ ಕುಸಿಯುತ್ತದೆ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಚರ್ಮದ ಮೇಲೆ ನೇರಳೆ ಕಲೆಗಳು ಮೂಡುತ್ತವೆ. ಕೈಕಾಲು ಬೆರಳುಗಳು ಕೊಳೆಯುವ ಅಪಾಯವೂ ಇದೆ.

ಅಧ್ಯಯನಗಳು ಹೇಳುವುದೇನು?: ನಾರ್ವೆಯ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೃತಪಟ್ಟ 11 ರೋಗಿಗಳ ಪೈಕಿ 10 ಮಂದಿಯ ರಕ್ತದಲ್ಲಿ, ಆಸ್ಪತ್ರೆಗೆ ದಾಖಲಾದ ಸಮಯದಲ್ಲೇ ಟಿಎನ್‌ಎಫ್ ಪತ್ತೆಯಾಗಿತ್ತು. ಬದುಕುಳಿದ 68 ಮಂದಿಯಲ್ಲಿ ಅದು ಕಂಡದ್ದು 8 ಮಂದಿಯಲ್ಲಿ ಮಾತ್ರ.

ಆದರೆ ನೆದರ್ಲೆಂಡ್ಸ್‌ನ 1997ರ ಅಧ್ಯಯನ ಬೇರೊಂದು ಮುಖವನ್ನು ತೋರಿತು. ರೋಗಿಗಳ ಹತ್ತಿರದ ಬಂಧುಗಳ ರಕ್ತವನ್ನು ಪರೀಕ್ಷಿಸಿದಾಗ, ಟಿಎನ್‌ಎಫ್ ಕಡಿಮೆ ಉತ್ಪಾದಿಸುವ ಹಾಗೂ ಉರಿಯೂತವನ್ನು ತಗ್ಗಿಸುವ ಇಂಟರ್‌ಲ್ಯೂಕಿನ್–10 ಹೆಚ್ಚು ಉತ್ಪಾದಿಸುವ ಕುಟುಂಬಗಳಲ್ಲೇ ಸಾವಿನ ಸಂಭವ ಅಧಿಕವಾಗಿತ್ತು. ಆರಂಭದ ಪ್ರತಿರೋಧ ದುರ್ಬಲವಾದರೆ ಬ್ಯಾಕ್ಟೀರಿಯಾ ಅಡೆತಡೆಯಿಲ್ಲದೆ ವೃದ್ಧಿಸುತ್ತದೆ, ನಂತರ ಸಂಕೇತಗಳ ಪ್ರವಾಹವೇ ಉಂಟಾಗುತ್ತದೆ ಎಂಬುದು ಇದಕ್ಕೆ ನೀಡಲಾಗುವ ಒಂದು ವಿವರಣೆ.

ಎಂಡೋಟಾಕ್ಸಿನ್ ತಡೆಯುವ ಔಷಧಗಳನ್ನು ಮಕ್ಕಳ ಮೇಲೆ ಪ್ರಯೋಗಿಸಲಾಯಿತಾದರೂ ಸಾವಿನ ಪ್ರಮಾಣ ಗಣನೀಯವಾಗಿ ತಗ್ಗಲಿಲ್ಲ. ರೋಗಿ ಆಸ್ಪತ್ರೆ ತಲುಪುವ ವೇಳೆಗಾಗಲೇ ಸಂಕೇತಗಳ ಸರಣಿ ಬಹುದೂರ ಸಾಗಿರುತ್ತದೆ. ಆದ್ದರಿಂದ ಸೆಫ್ಟ್ರಿಯಾಕ್ಸೋನ್, ಪೆನಿಸಿಲಿನ್‌ನಂಥ ಆಂಟಿಬಯಾಟಿಕ್‌ಗಳೇ ಇಂದಿಗೂ ಮುಖ್ಯ ಆಧಾರ.

ಗಂಟೆಗಳೇ ನಿರ್ಣಾಯಕ: ನವಲಗುಂದದಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 35 ಕಿ.ಮೀ. ಹಳ್ಳಿಗಳಿಂದ ದೂರ ಇನ್ನೂ ಹೆಚ್ಚು. ರೋಗದ ಬಲವಾದ ಶಂಕೆಯಿದ್ದು ಸಾಗಾಟ ತಡವಾಗುವಂತಿದ್ದರೆ, ಹತ್ತಿರದ ಆಸ್ಪತ್ರೆಯಲ್ಲೇ ಮೊದಲ ಚುಚ್ಚುಮದ್ದು ನೀಡಿ ಮುಂದೆ ಕಳುಹಿಸುವುದು ವೈದ್ಯಕೀಯವಾಗಿ ಒಪ್ಪಿತ ಕ್ರಮ.

ಗಾಜಿನ ಲೋಟವನ್ನು ಒತ್ತಿದಾಗಲೂ ಮಾಸದ ಕಲೆಗಳು ಅಪಾಯದ ಸೂಚನೆ. ಕಪ್ಪು ಮೈಬಣ್ಣದವರಲ್ಲಿ ಇವು ಸುಲಭವಾಗಿ ಕಾಣದ ಕಾರಣ ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗವನ್ನು ನೋಡಬೇಕು. ಆದರೆ ಕಲೆ ಮೂಡಲಿ ಎಂದು ಕಾಯುವುದು ಸಲ್ಲದು. ಜ್ವರದ ಜೊತೆ ಕೈಕಾಲು ತಣ್ಣಗಾಗುವುದು, ಮಂಪರು, ಮಗು ಹಾಲು ಕುಡಿಯದಿರುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ರೋಗಿಯೊಂದಿಗೆ ಒಂದೇ ಮನೆಯಲ್ಲಿದ್ದವರಿಗೆ ವೈದ್ಯರ ಸಲಹೆಯಂತೆ ಮುಂಜಾಗ್ರತಾ ಔಷಧ ಅಗತ್ಯ. ಹಜ್ ಯಾತ್ರಿಕರಿಗೆ ಮೆನಿಂಗೊಕಾಕಲ್ ಲಸಿಕೆ ಕಡ್ಡಾಯವಾಗಿದೆ.