ನಾಲ್ಕನೆಯ ಚಿತ್ರದ ಆಚೆಗೆ

ಜ್ವರ ಬಂದವನ ಮೈ ಮುಟ್ಟಿದರೆ ತಿಳಿಯುತ್ತದೆ. ಕಾಮಾಲೆಯಾದವನ ಕಣ್ಣು ನೋಡಿದರೆ ತಿಳಿಯುತ್ತದೆ. ಮನಸ್ಸಿನ ಬೇನೆ ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ಆಕಾರವಿಲ್ಲ. ಆದರೂ ಅದನ್ನು ಕಣ್ಣಿಗೆ ಕಾಣಿಸಲೇಬೇಕಾದ ಪ್ರಸಂಗ ಚಿತ್ರಕಾರನಿಗೆ ಬರುತ್ತದೆ. ಆಗ ಅವನು ಇದ್ದುದಕ್ಕೆ ಏನನ್ನಾದರೂ ಸೇರಿಸುತ್ತಾನೆ, ಇಲ್ಲವೆ ಇದ್ದುದರಿಂದ ಏನನ್ನಾದರೂ ತೆಗೆಯುತ್ತಾನೆ. ಈ ಕೈಚಳಕಕ್ಕೂ ಒಂದು ಇತಿಹಾಸವಿದೆ.

ಛಾಯಾಚಿತ್ರ ಬಂದಾಗ, ಇನ್ನು ಕೈಚಳಕದ ಕಾಲ ಮುಗಿಯಿತು, ಇದ್ದುದು ಇದ್ದಂತೆಯೇ ಕಾಣುವುದೆಂದು ಹಲವರು ನಂಬಿದರು. ಇಂಗ್ಲೆಂಡಿನ ಸರ್ರೆ ಪ್ರಾಂತದ ಹುಚ್ಚಾಸ್ಪತ್ರೆಯಲ್ಲಿ ಹೆಂಗಸರ ವಿಭಾಗದ ವೈದ್ಯನಾಗಿದ್ದ ಡಾ. ಹ್ಯೂ ವೆಲ್ಚ್ ಡೈಮಂಡ್ ಅಂಥವರಲ್ಲೊಬ್ಬ. ೧೮೫೦ರ ದಶಕದಲ್ಲಿ ಆತ ತನ್ನ ರೋಗಿಗಳ ಭಾವಚಿತ್ರಗಳನ್ನು ತೆಗೆದ. ರೋಗಿಗೆ ಅವಳದೇ ಚಿತ್ರ ತೋರಿಸಿದರೆ ಗುಣವಾಗಲು ಸಹಾಯವಾದೀತೆಂಬ ಆಸೆಯೂ ಅವನಿಗಿತ್ತು. ಆದರೆ ಅದೇ ಡೈಮಂಡನ ಒಂದು ಚಿತ್ರದಲ್ಲಿ ರೋಗಿಯೊಬ್ಬಳು ತಲೆಗೆ ಎಲೆಬಳ್ಳಿಯ ಮಾಲೆ ಸುತ್ತಿಕೊಂಡು ಕುಳಿತಿದ್ದಾಳೆ. ಷೇಕ್ಸ್‌ಪಿಯರನ ಒಫೀಲಿಯಳನ್ನು ಓದಿದವರಿಗೆ ಆ ಮಾಲೆ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಡೈಮಂಡನ ಛಾಯಾಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿ, ೧೮೫೮ರಲ್ಲಿ ಡಾ. ಜಾನ್ ಕೊನೊಲಿ ಎಂಬಾತ ಒಂದು ವೈದ್ಯಪತ್ರಿಕೆಯಲ್ಲಿ ಲೇಖನಮಾಲೆ ಬರೆದ. ಅದರಲ್ಲಿ ಒಬ್ಬಳೇ ಬಾಣಂತಿಯ ನಾಲ್ಕು ಚಿತ್ರಗಳಿವೆ. ಹೆರಿಗೆಯ ಬಳಿಕ ಬುದ್ಧಿ ಕದಡಿದವಳು ಹಂತಹಂತವಾಗಿ ಸ್ಥಿಮಿತಕ್ಕೆ ಬರುತ್ತಾಳೆ. ನಾಲ್ಕನೆಯದರಲ್ಲಿ ಟೊಪ್ಪಿಗೆ ತೊಟ್ಟು, ಅಚ್ಚುಕಟ್ಟಾಗಿ ಉಡುಪು ಧರಿಸಿ ಸಂಭಾವಿತ ಗೃಹಿಣಿಯಾಗಿ ಕಾಣುತ್ತಾಳೆ. ವೈದ್ಯನ ಕೆಲಸ ಮುಗಿಯಿತು; ಚಿತ್ರಕಾರನದೂ ಮುಗಿಯಿತು. ಆಮೇಲೆ ಅವಳು ಮನೆಗೆ ಹೋಗಿ ಹೇಗೆ ಬಾಳಿದಳು? ಅದಕ್ಕೆ ಐದನೆಯ ಚಿತ್ರವಿಲ್ಲ.

ಚಾರ್ಲ್ಸ್ ಡಾರ್ವಿನ್‌ನಂಥ ಸತ್ಯನಿಷ್ಠ ವಿಜ್ಞಾನಿಯ ಪುಸ್ತಕದಲ್ಲಿಯೂ ಈ ಕೈಚಳಕ ನುಸುಳಿತು. ಭಾವಗಳ ಅಭಿವ್ಯಕ್ತಿಯನ್ನು ಕುರಿತು ೧೮೭೨ರಲ್ಲಿ ಆತ ಪ್ರಕಟಿಸಿದ ಗ್ರಂಥದಲ್ಲಿ ಭಯದಿಂದ ಬಾಯಿ ತೆರೆದ ಮುದುಕನ ಚಿತ್ರವಿದೆ. ಮೂಲ ಛಾಯಾಚಿತ್ರದಲ್ಲಿ ಫ್ರಾನ್ಸಿನ ವೈದ್ಯ ದುಷೆನ್ ಆ ಮುಖಕ್ಕೆ ವಿದ್ಯುತ್ತಿನ ಕಡ್ಡಿಗಳನ್ನು ಒತ್ತಿ ಹಿಡಿದಿದ್ದ. ಡಾರ್ವಿನ್ನನಿಗಾಗಿ ಕೆತ್ತಿದವರು ಕಡ್ಡಿಗಳನ್ನು ಅಳಿಸಿ ಮುಖವನ್ನಷ್ಟೇ ಉಳಿಸಿದರು. ಅದೇ ಗ್ರಂಥದಲ್ಲಿ ತಂತಿಯಂತೆ ಕೂದಲು ನಿಮಿರಿದ ಹುಚ್ಚು ಹೆಂಗಸೊಬ್ಬಳ ಚಿತ್ರವೂ ಉಂಟು. ಅವಳಿಗೆ ಹೆಸರಿಲ್ಲ, ಅಲ್ಲಿ ಬೇಕಾಗಿದ್ದುದು ಅವಳ ಕೂದಲು ಮಾತ್ರ.

ಆ ಕೂದಲು ನಮ್ಮ ಚಲಚ್ಚಿತ್ರಗಳಿಗೂ ಬಂದಿದೆಯಲ್ಲವೆ? ಕೆದರಿದ ಜಡೆ, ಅಳಿಸಿದ ಕುಂಕುಮ, ಗಿರ್ರನೆ ತಿರುಗುವ ಕ್ಯಾಮೆರಾ, ಪ್ರತಿಧ್ವನಿಸುವ ನಗು: ಇಷ್ಟಿದ್ದರೆ ಪ್ರೇಕ್ಷಕನಿಗೆ ಬೇರೆ ವಿವರಣೆ ಬೇಡ. ೨೦೦೪ರ ‘ಆಪ್ತಮಿತ್ರ’ದಲ್ಲಿ ಅರಮನೆಯ ಗೋಡೆಯ ಮೇಲಿನ ನಾಗವಲ್ಲಿಯ ಚಿತ್ರವೇ ಕಥಾನಾಯಕಿಯನ್ನು ಆವರಿಸಿಕೊಳ್ಳುತ್ತದೆ; ಕಡೆಗೆ ಮನೋವೈದ್ಯ ಗೊಂಬೆಯೊಂದನ್ನು ಮುಂದೊಡ್ಡಿ ಅವಳನ್ನು ಪಾರುಮಾಡುತ್ತಾನೆ. ಸೊಗಸಾದ ಆಟವೇನೋ ಹೌದು. ಆದರೆ ಅದೂ ನಾಲ್ಕನೆಯ ಚಿತ್ರಕ್ಕೇ ನಿಲ್ಲುತ್ತದೆ.

ಐದನೆಯದನ್ನು ಬರೆದವರು ತ್ರಿವೇಣಿ. ಮನಶ್ಶಾಸ್ತ್ರ ಓದಿದ್ದ ಈ ಲೇಖಕಿ ೧೯೬೩ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು ೧೯೭೧ರಲ್ಲಿ ತೆರೆಗೆ ತಂದರು; ಕಾವೇರಿಯ ಪಾತ್ರ ಕಲ್ಪನಾ ಅವರದು. ಕಾವೇರಿಯೂ ಬಾಣಂತಿಯೇ. ಎರಡನೆಯ ಹೆರಿಗೆಯ ತರುವಾಯ ಬುದ್ಧಿ ಕದಡಿ, ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಮರಳುತ್ತಾಳೆ. ಸರ್ರೆಯ ವೈದ್ಯ ಎಲ್ಲಿ ಕ್ಯಾಮೆರಾ ಮುಚ್ಚಿದನೋ ಅಲ್ಲಿಂದ ನಿಜವಾದ ಕಥೆ ಮೊದಲಾಗುತ್ತದೆ. ಗಂಡನ ಕಣ್ಣಿನಲ್ಲಿ, ನೆರೆಯವರ ಪಿಸುಮಾತಿನಲ್ಲಿ ಅವಳು ಗುಣವಾಗುವುದೇ ಇಲ್ಲ. ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಸುಮ್ಮನಿದ್ದರೂ ಹುಚ್ಚು. ಗಂಡ ಇನ್ನೊಬ್ಬಳ ಕಡೆಗೆ ವಾಲುತ್ತಾನೆ. ಕಾವೇರಿ ಮತ್ತೆ ಒಡೆದುಹೋಗುತ್ತಾಳೆ. ಶರಪಂಜರವೆಂದರೆ ಬಾಣಗಳ ಪಂಜರ. ಆ ಬಾಣಗಳನ್ನು ಬಿಟ್ಟವರು ನೋಡುವವರೇ. ದುಷೆನ್ನನ ಚಿತ್ರದಿಂದ ಅಳಿಸಿಹೋಗಿದ್ದ ಕಡ್ಡಿಗಳನ್ನು ಪುಟ್ಟಣ್ಣ ಮತ್ತೆ ಚಿತ್ರದೊಳಕ್ಕೆ ತಂದರೆಂದು ನನಗನಿಸುತ್ತದೆ.

ನಮ್ಮ ಬೆಂಗಳೂರಿನ ಹುಚ್ಚಾಸ್ಪತ್ರೆ ೧೯೨೫ರಲ್ಲಿಯೇ ಆ ಹೆಸರು ಕಳಚಿ ಮಾನಸಿಕ ಆಸ್ಪತ್ರೆಯಾಯಿತು. ೧೯೫೪ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ೧೯೭೪ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಎರಡು ಸಲ ಬದಲಾಯಿತು; ಜನರ ನಾಲಗೆ ಬದಲಾಯಿತೆ? ನಾನಿರುವ ಸುಂಕದಕಟ್ಟೆಯ ಚಹದಂಗಡಿಯ ಮುಂದೆ, ತಮಾಷೆಗೆ ಬೈಯುವ ಹುಡುಗರು ಈಗಲೂ ‘ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗ, ಅಲ್ಲಿಗೆ ನಿಜವಾಗಿ ಹೋಗಿ ಬಂದವರಾರಾದರೂ ಪಕ್ಕದಲ್ಲಿ ಲೋಟ ಹಿಡಿದು ನಿಂತಿರಬಹುದಲ್ಲ ಎನಿಸುತ್ತದೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಗುಣವಾಗಿ ಬಂದವರ ಪಾಲಿಗೆ ಬೀದಿಬೀದಿಗೂ ಒಂದು ಸುಂಕದ ಕಟ್ಟೆ. ಕೆಲಸ ಕೇಳಿದರೆ, ಬಾಡಿಗೆ ಮನೆ ಕೇಳಿದರೆ, ಮಗಳಿಗೆ ಗಂಡು ಹುಡುಕಿದರೆ, ಅಲ್ಲೆಲ್ಲ ಹಳೆಯ ಕಾಯಿಲೆಯ ಸುಂಕ ತೆರಬೇಕು. ಚಿತ್ರಕಾರರೂ ಚಿತ್ರನಿರ್ದೇಶಕರೂ ಕೂದಲು ಕೆದರಿಸುವ ಕಲೆಯಲ್ಲಿ ಪಳಗಿದ್ದಾರೆ. ಸುಂಕ ವಸೂಲು ಮಾಡುವ ನಮ್ಮ ಮುಖಗಳನ್ನೂ ಅವರು ಹಾಗೆಯೇ ಬರೆದು ತೋರಿಸಲಿ. ನೋಡುವ ಧೈರ್ಯ ನಮಗೂ ಬರಲಿ.