ಬುದ್ಧಿಯ ಅಳತೆಗೋಲು ಯಾರ ಕೈಯಲ್ಲಿ?

ಖಾನಾಪುರ ತಾಲ್ಲೂಕಿನ ಕಣಕುಂಬಿ ಮಲಪ್ರಭೆ ಹುಟ್ಟುವ ಊರು. ಅಲ್ಲಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ಮನೆಯಲ್ಲೊಂದು, ಸಂತೆಯಲ್ಲೊಂದು, ಶಾಲೆಯಲ್ಲಿ ಮತ್ತೊಂದು ಭಾಷೆಯಾಡುವ ಮಕ್ಕಳ ಸೀಮೆಯಿದು. ನಾವು ಉರ್ದು ಶಾಲೆಯಲ್ಲಿ ಓದುತ್ತಿದ್ದಾಗ ತಪಾಸಣೆಗೆ ಬಂದ ಸಾಹೇಬರೊಬ್ಬರು ಕನ್ನಡದಲ್ಲಿ ಲೆಕ್ಕ ಕೇಳಿದ್ದರು. ಲೆಕ್ಕ ಬರುತ್ತಿತ್ತು, ಪ್ರಶ್ನೆ ಅರ್ಥವಾಗಲಿಲ್ಲ. "ಈ ಹುಡುಗರ ತಲೆಯೇ ಇಷ್ಟು" ಎಂದು ಮಾಸ್ತರರಿಗೆ ಹೇಳಿ ಹೋದರು. ಆ 'ಇಷ್ಟು' ಎಂಬ ಅಳತೆ ಎಲ್ಲಿಂದ ಬಂತೆಂದು ತಿಳಿಯಲು ನಮಗೆ ಬಹಳ ವರ್ಷ ಹಿಡಿಯಿತು.

ಇದೇ ತಾಲ್ಲೂಕಿನ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತತಿಯವರು ಇವರಲ್ಲಿ ಬಹಳ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. "ಮೈಯಲ್ಲಿ ಕಸುವಿದೆ, ಓದು ತಲೆಗೆ ಹತ್ತುವುದಿಲ್ಲ" ಎಂಬ ಮಾತನ್ನು ಇವರ ಬಗ್ಗೆ ನಾವೂ ಕೇಳಿದ್ದೇವೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳಿಗೆ ಓಟದ ತರಬೇತಿ ಕೊಡಲು ಮುಂದಾದದ್ದು ಆಫ್ರಿಕಾದ ರಕ್ತ ಪದಕ ತಂದೀತೆಂಬ ಆಸೆಯಿಂದ. ಕೆಲವೇ ವರ್ಷಗಳಲ್ಲಿ ಅದೂ ನಿಂತಿತು. ಆದರೆ ವಿಜಾಪುರದ ಆದಿಲಶಾಹಿ ದರ್ಬಾರಿನಲ್ಲಿ ವಜೀರನಾಗಿದ್ದ ಇಖ್ಲಾಸ್ ಖಾನ್ ಇದೇ ಹಬಶಿ ಮೂಲದವನು. ಅಹಮದನಗರದ ಆಡಳಿತ ನಡೆಸಿದ ಮಲಿಕ್ ಅಂಬರ್ ಗುಲಾಮನಾಗಿ ಮಾರಾಟವಾಗಿ ಬಂದವನು. ಮುಂದೆ ಔರಂಗಾಬಾದ್ ಎನಿಸಿದ ಊರಿಗೆ ನೀರಿನ ಕಾಲುವೆ ತಂದವನೂ ಅವನೇ. ರಕ್ತದಲ್ಲಿ ಬರೀ ಓಟವಿದ್ದಿದ್ದರೆ ಇವರಿಬ್ಬರು ಎಲ್ಲಿಂದ ಬಂದರು?

ಮೈಬಣ್ಣಕ್ಕೂ ಬುದ್ಧಿಗೂ ಗಂಟು ಹಾಕಲು ಒಂದು ಕಾಲದಲ್ಲಿ ತಲೆಬುರುಡೆಗಳನ್ನು ಅಳೆಯುತ್ತಿದ್ದರು. 1927ರಲ್ಲಿ ಪುಣೆಯಿಂದ ಇರಾವತಿ ಕರ್ವೆ ಎಂಬ ವಿದ್ಯಾರ್ಥಿನಿ ಬರ್ಲಿನ್ನಿಗೆ ಹೋದರು. ಅವರ ಗುರು ಆಯ್ಗೆನ್ ಫಿಶರ್, ಮುಂದೆ ನಾಜಿಗಳ ಜನಾಂಗ ನೀತಿಗೆ ಆಸರೆಯಾದ ವಿಜ್ಞಾನಿ. ಬಿಳಿಯರು ಹೆಚ್ಚು ವಿವೇಕಿಗಳು, ಆದ್ದರಿಂದ ಅವರ ಬುರುಡೆಯ ಎಡಬಲಗಳಲ್ಲಿ ಹೆಚ್ಚು ವ್ಯತ್ಯಾಸವಿರಬೇಕು ಎಂಬುದು ಅವರ ಊಹೆ. ಅದನ್ನು ಸಾಧಿಸುವ ಕೆಲಸ ಇರಾವತಿಯವರ ಪಾಲಿಗೆ ಬಂತು. ಅವರು 149 ಬುರುಡೆಗಳನ್ನು ಅಳೆದರು. ಆಫ್ರಿಕಾದವರ ಬುರುಡೆಗಳೂ ಅದರಲ್ಲಿದ್ದವು. ಜನಾಂಗಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧವಿಲ್ಲವೆಂದು ಗುರುವಿನೆದುರೇ ಬರೆದುಕೊಟ್ಟರು. ಪದವಿ ಸಿಕ್ಕಿತು, ಅಂಕಗಳು ಮಾತ್ರ ಕಡಿಮೆ. ಪರದೇಶದಲ್ಲಿ ಒಂಟಿ ಹೆಣ್ಣುಮಗಳು ಇಷ್ಟು ಮಾಡಿದ್ದು ಸಣ್ಣ ಮಾತಲ್ಲ.

ನಾಜಿಗಳು ಸೋತ ಮೇಲೆ ಬುರುಡೆಯ ಅಳತೆ ಹಿಂದೆ ಸರಿಯಿತು. ಆದರೆ ಬುದ್ಧಿಲಬ್ಧ, ಅಂದರೆ ಐ.ಕ್ಯೂ. ಪರೀಕ್ಷೆ ಗಟ್ಟಿಯಾಗಿಯೇ ಉಳಿಯಿತು. 1969ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರ್ಥರ್ ಜೆನ್ಸನ್ ಒಂದು ದೀರ್ಘ ಲೇಖನ ಬರೆದರು. ಕರಿಯರ ಮತ್ತು ಬಿಳಿಯರ ಸರಾಸರಿಗಳ ನಡುವಿನ ಸುಮಾರು 15 ಅಂಕಗಳ ಅಂತರಕ್ಕೆ ಹುಟ್ಟೂ ಕಾರಣವಿರಬಹುದು, ಬಡ ಮಕ್ಕಳಿಗೆಂದು ನಡೆಸಿದ ವಿಶೇಷ ಶಿಕ್ಷಣ ಸೋತಿದೆ ಎಂಬುದು ಅದರ ತಿರುಳು. 1971ರಲ್ಲಿ ಹಾರ್ವರ್ಡಿನ ರಿಚರ್ಡ್ ಹರ್ನ್‌ಸ್ಟೀನ್ ಇದೇ ವಾದವನ್ನು ವರ್ಗದ ಕಡೆ ತಿರುಗಿಸಿದರು. ಅವಕಾಶ ಸಮಾನವಾದಷ್ಟೂ ಮೇಲು ಕೀಳುಗಳು ಹುಟ್ಟಿನಿಂದ ಬಂದ ಬುದ್ಧಿಯ ಮೇಲೆಯೇ ನಿಲ್ಲುತ್ತವೆ ಎಂದರು. ಬಡವ ಬಡವನಾಗಿರುವುದು ತಲೆಯಿಂದ ಎಂದ ಹಾಗಾಯಿತು.

ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಕರಪತ್ರ ಹಂಚಿದರು, ಘೋಷಣೆ ಕೂಗಿದರು, ಜೆನ್ಸನ್‌ರನ್ನು ಕೆಲಸದಿಂದ ತೆಗೆಯಿರಿ ಎಂದರು. 1973ರ ಮೇ 8ರಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಇಂಥದೇ ವಾದದ ಹ್ಯಾನ್ಸ್ ಐಸೆಂಕ್ ಭಾಷಣಕ್ಕೆ ನಿಂತಾಗ ಗುಂಪೊಂದು ವೇದಿಕೆಗೆ ನುಗ್ಗಿ ಹೊಡೆಯಿತು, ಅವರ ಕನ್ನಡಕ ಒಡೆಯಿತು. ಇದು ನಮಗೆ ಒಪ್ಪಿಗೆಯಿಲ್ಲ. ಆ ಏಟಿನಿಂದ ಐಸೆಂಕರ ಒಂದು ಅಂಕಿಯೂ ಸುಳ್ಳಾಗಲಿಲ್ಲ. ಪೆಟ್ಟು ತಿಂದವರ ಮೇಲೆ ಕನಿಕರ ಹುಟ್ಟಿತು, ಅಷ್ಟೇ.

ನಿಜವಾದ ಏಟು ಬೇರೆ ಕಡೆಯಿಂದ ಬಿತ್ತು. ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಲಿಯಾನ್ ಕಾಮಿನ್, ವಿದ್ಯಾರ್ಥಿಯೊಬ್ಬನ ಒತ್ತಾಯಕ್ಕೆ, ಬ್ರಿಟನ್ನಿನ ಸಿರಿಲ್ ಬರ್ಟ್ ಬರೆದದ್ದನ್ನು ಓದಲು ಕುಳಿತರು. ಬುದ್ಧಿ ಹುಟ್ಟಿನಿಂದ ಬರುತ್ತದೆ ಎನ್ನುವವರೆಲ್ಲ ನಂಬಿದ್ದ ದೊಡ್ಡ ಆಧಾರವೇ ಬರ್ಟ್. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಬುದ್ಧಿ ಎಷ್ಟು ಹೊಂದುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. 21 ಜೋಡಿಗಳಿದ್ದಾಗ ಬಂದ ಉತ್ತರ 0.771. ಜೋಡಿಗಳು 30ಕ್ಕೂ ಹೆಚ್ಚಾದಾಗಲೂ 0.771. 53 ಆದಾಗಲೂ ಅದೇ 0.771! ಹೊಸ ಜೋಡಿಗಳು ಸೇರುತ್ತಾ ಹೋದರೂ ಮೂರನೆಯ ದಶಾಂಶವೂ ಅಲುಗಾಡದಿರುವುದು ಹೇಗೆ? 1974ರಲ್ಲಿ ಕಾಮಿನ್ ಇದನ್ನು ಪುಸ್ತಕವಾಗಿ ತಂದರು. ಬರ್ಟ್ ಮಾಡಿದ್ದು ವಂಚನೆಯೋ ಅಜಾಗರೂಕತೆಯೋ ಎಂಬ ಜಗಳ ಆಮೇಲೂ ನಡೆಯಿತು. ಆ ಅಂಕಿಗಳನ್ನು ಆಧಾರವೆಂದು ಮುಂದಿಡುವ ಧೈರ್ಯ ಮಾತ್ರ ಉಳಿಯಲಿಲ್ಲ. ಅಮೆರಿಕದ ಆ ಹುಡುಗ ಘೋಷಣೆ ಕೂಗಿದ್ದನೋ ಇಲ್ಲವೋ, "ಓದಿ ನೋಡಿ" ಎಂದನಲ್ಲ, ನಮಗೆ ಅದು ದೊಡ್ಡದು.

ನಮ್ಮ ಸೀಮೆಗೂ ಈ ಅಳತೆಗೋಲು ಬಂದಿತ್ತು. ಫ್ರಾನ್ಸಿನ ಬಿನೆ ಮಾಡಿದ ಪರೀಕ್ಷೆಯನ್ನು ವಿ. ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆ ಇಲ್ಲಿನ ಮಗುವಿಗೆ ಸಲ್ಲದು ಎಂಬುದು ಅವರಿಗೆ ತಿಳಿದಿತ್ತು. ನಮ್ಮ ತಪಾಸಣೆಯ ಸಾಹೇಬರಿಗೆ ಅಷ್ಟೂ ತಿಳಿದಿರಲಿಲ್ಲ. ಆದರೂ ಕನ್ನಡ, ಮರಾಠಿ ಎರಡೂ ಮನೆಮಾತಲ್ಲದ ಮಗುವಿಗೆ, ಶಾಲೆಯ ಮೆಟ್ಟಿಲನ್ನೇ ತಡವಾಗಿ ಹತ್ತಿದ ಮಗುವಿಗೆ ಆ ಪ್ರಶ್ನೆಗಳು ಎಷ್ಟು ಹತ್ತಿರವಾದಾವು? ಕಾಡಿನ ದಾರಿ, ಜೇನು, ಮಳೆಯ ಸುಳಿವು ಬಲ್ಲ ಮಗುವಿಗೆ ಅಂಕ ಕೊಡುವ ಪಟ್ಟಿಯೊಂದು ನಮ್ಮ ಕಣ್ಣಿಗೆ ಬಿದ್ದಿಲ್ಲ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಜಿಲ್ಲೆಯ ಗೆರೆ ದಾಟಿ ಖಾನಾಪುರದ ಕಾಡಿನಲ್ಲಿದ್ದವರು ಹೊರಗೇ ಉಳಿದರು. ಬೆಳಗಾವಿ ಮತ್ತು ಧಾರವಾಡದ ಸಿದ್ದಿಗಳನ್ನು ಸೇರಿಸುವ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾದದ್ದು 2020ರಲ್ಲಿ. 2003ರಲ್ಲಿ ಒಂದನೇ ಇಯತ್ತೆಗೆ ಸೇರಿದ ಖಾನಾಪುರದ ಸಿದ್ದಿ ಮಗುವಿಗೆ ಆ ಹೊತ್ತಿಗೆ ಹಾಸ್ಟೆಲು, ವಿದ್ಯಾರ್ಥಿವೇತನಗಳ ವಯಸ್ಸೆಲ್ಲ ಮುಗಿಯುತ್ತಾ ಬಂದಿತ್ತು.